ಲೇಸರ್ ಪವರ್ ಏರಿಸಿದರೂ ರಂಧ್ರ ಹೋಗುತ್ತಿಲ್ಲ: ಮೆಲ್ಟ್ ಪೂಲ್ ಮಾನಿಟರಿಂಗ್ ಕೊಳ್ಳಬೇಕಾ?

ಪ್ರಶ್ನೆ: ಸರ್, ನಮ್ಮದು ಪೀಣ್ಯದಲ್ಲಿ ಸಣ್ಣ ಜಾಬ್ ಶಾಪ್. ಸಿಎನ್‌ಸಿ ಕೆಲಸದ ಜೊತೆಗೆ ಲೋಹದ 3ಡಿ ಪ್ರಿಂಟಿಂಗ್ ಮೆಷಿನ್ ಹಾಕಿದ್ದೇವೆ, ಲೇಸರ್ ಪೌಡರ್ ಬೆಡ್ ಮಾದರಿಯದು, ಅಂದರೆ ಲೋಹದ ಪೌಡರನ್ನು ತೆಳುವಾಗಿ ಪದರ ಪದರವಾಗಿ ಹರಡಿ ಲೇಸರ್‌ನಿಂದ ಕರಗಿಸುವುದು. ಇಂಕೊನೆಲ್ 718 ಎಂಬ ನಿಕಲ್ ಮಿಶ್ರಲೋಹದ ಪೌಡರ್, 40 ಮೈಕ್ರಾನ್ (0.04 ಮಿ.ಮೀ.) ಪದರ, ಕಂಪನಿ ಕೊಟ್ಟ ಪ್ಯಾರಾಮೀಟರ್. ಒಂದು ಪ್ಲೇಟಿಗೆ 12 ಬ್ರಾಕೆಟ್. ಮೊದಮೊದಲು ಚೆನ್ನಾಗಿ ಬಂದವು. ಈಚೆಗೆ ಚೇಂಬರ್‌ನಲ್ಲಿ ಹರಿಯುವ ಆರ್ಗಾನ್ ಗ್ಯಾಸ್ ಹೊರಹೋಗುವ ಕಡೆಯ ಸಾಲಿನ ಭಾಗಗಳಲ್ಲಿ ಮಾತ್ರ ಸಿಟಿ ಸ್ಕ್ಯಾನ್‌ನಲ್ಲಿ ಚಪ್ಪಟೆಯಾದ, ಅಂಕುಡೊಂಕು ರಂಧ್ರ ಕಾಣುತ್ತಿವೆ. ಲೇಸರ್ ಪವರ್ ಸ್ವಲ್ಪ ಏರಿಸಿದೆವು. ಆ ಸಾಲು ಇನ್ನೂ ಕೆಟ್ಟಿತು, ಬೇರೆ ಸಾಲಿನಲ್ಲೂ ದುಂಡನೆಯ ಸಣ್ಣ ರಂಧ್ರ ಶುರುವಾಯಿತು. ಫೈಲ್ ಅದೇ, ಪ್ಯಾರಾಮೀಟರ್ ಅದೇ, ಭಾಗ ಯಾಕೆ ಬೇರೆ? ಮೆಲ್ಟ್ ಪೂಲ್ (ಲೇಸರ್ ಕೆಳಗೆ ಕರಗಿದ ಲೋಹದ ಪುಟ್ಟ ಹೊಂಡ) ಮಾನಿಟರಿಂಗ್ ಮತ್ತು ಕ್ಲೋಸ್ಡ್ ಲೂಪ್ ಕಂಟ್ರೋಲ್ ಹಾಕಿಸಿದರೆ ಮೆಷಿನ್ ತಾನೇ ಸರಿಮಾಡಿಕೊಳ್ಳುತ್ತದೆ, ಸಿಟಿ ಸ್ಕ್ಯಾನೂ ಬೇಕಿಲ್ಲ ಎನ್ನುತ್ತಿದ್ದಾರೆ ಮಾರುವವರು. ಲಕ್ಷಗಟ್ಟಲೆ ಖರ್ಚು. ನಂಬಬಹುದಾ? ಈಗಾಗಲೇ ಮಾಡಿಟ್ಟ ಭಾಗಗಳನ್ನು ಏನು ಮಾಡಲಿ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಈಗಲೇ ಕೊಳ್ಳಬೇಡಿ. ಮಾನಿಟರಿಂಗ್ ಕೆಲಸಕ್ಕೆ ಬಾರದ್ದು ಅಂತಲ್ಲ, ಅದರ ಡೇಟಾ ನೋಡುವುದು ನನ್ನ ದಿನದ ಕೆಲಸವೇ. ಆದರೆ ನೀವು ಬರೆದದ್ದನ್ನು ನೋಡಿದರೆ ತೊಂದರೆಯ ಬೇರು ಲೇಸರ್ ಪೌಡರ್‌ಗೆ ತಾಗುವ ಮೊದಲೇ ಇರುವ ಹಾಗಿದೆ: ಗ್ಯಾಸ್ ಹರಿವಿನಲ್ಲಿ, ಲೇಸರ್ ಹಾದು ಬರುವ ಗಾಜಿನಲ್ಲಿ. ಅವೆರಡನ್ನೂ ಬಿಟ್ಟು ಮೆಲ್ಟ್ ಪೂಲ್ ಹಿಂದೆ ಹೋದರೆ ದುಡ್ಡೂ ಹೋಗುತ್ತದೆ, ರಂಧ್ರವೂ ಉಳಿಯುತ್ತದೆ.

"ಫೈಲ್ ಅದೇ, ಭಾಗ ಯಾಕೆ ಬೇರೆ" ಎನ್ನುವುದು ಸಿಎನ್‌ಸಿಯಿಂದ ಬಂದವರೆಲ್ಲ ಕೇಳುವ ಪ್ರಶ್ನೆ. ಕೇಳಬೇಕಾದದ್ದೇ. ಮಿಲ್ಲಿಂಗ್‌ನಲ್ಲಿ ಲೋಹ ತಯಾರಾಗಿಯೇ ಬಂದಿರುತ್ತದೆ, ನೀವು ಆಕಾರ ಕೊಡುತ್ತೀರಿ ಅಷ್ಟೆ. ಇಲ್ಲಿ ಆಕಾರದ ಜೊತೆಗೆ ಲೋಹವೂ ನಿಮ್ಮ ಮೆಷಿನ್ ಒಳಗೇ ತಯಾರಾಗುತ್ತದೆ. ಇಂಕೊನೆಲ್ 718ಕ್ಕೆ ಬಹಳ ಕಡೆ ಬಳಸುವ ಸೆಟ್ಟಿಂಗ್ ನೋಡಿ: 285 ವ್ಯಾಟ್ ಪವರ್, ಸೆಕೆಂಡಿಗೆ 960 ಮಿ.ಮೀ. ವೇಗ, ಲೇಸರ್ ಎಳೆಯುವ ಗೆರೆಯಿಂದ ಗೆರೆಗೆ 0.11 ಮಿ.ಮೀ. ಲೇಸರ್ ಚುಕ್ಕೆಯ ಅಗಲ ಸುಮಾರು 0.1 ಮಿ.ಮೀ. ಒಂದು ಜಾಗದ ಪೌಡರ್ ಕರಗಿ ಮತ್ತೆ ಗಟ್ಟಿಯಾಗಲು ಹಿಡಿಯುವ ಸಮಯ ಒಂದು ಮಿಲಿಸೆಕೆಂಡಿನ ಆಸುಪಾಸು. 60 ಮಿ.ಮೀ. ಎತ್ತರದ ಭಾಗ ಅಂದರೆ 1500 ಪದರ. ಪ್ರತಿ ಪದರದ ಪ್ರತಿ ಗೆರೆಯಲ್ಲೂ ಇದು ಸರಿಯಾಗಿ ನಡೆಯಬೇಕು. ಪ್ಯಾರಾಮೀಟರ್ ಫೈಲ್ ಲೇಸರ್‌ಗೆ ಏನು ಮಾಡಬೇಕು ಅಂತ ಹೇಳುತ್ತದೆಯೇ ಹೊರತು ಅವತ್ತು ಗಾಜು ಎಷ್ಟು ಕೊಳೆಯಾಗಿತ್ತು, ಫಿಲ್ಟರ್ ಎಷ್ಟು ಕಟ್ಟಿತ್ತು, ಪೌಡರ್ ಎಷ್ಟು ತೇವ ಎಳೆದುಕೊಂಡಿತ್ತು ಎನ್ನುವುದು ಅದಕ್ಕೆ ಗೊತ್ತಿಲ್ಲ.

ಎನರ್ಜಿ ಡೆನ್ಸಿಟಿ ಎಂಬ ಲೆಕ್ಕದ ಬಗ್ಗೆಯೂ ಒಂದು ಮಾತು. ಪವರನ್ನು ವೇಗ, ಗೆರೆಯ ಅಂತರ, ಪದರದ ದಪ್ಪ ಇವುಗಳ ಗುಣಲಬ್ಧದಿಂದ ಭಾಗಿಸಿದರೆ ಮೇಲಿನ ಸೆಟ್ಟಿಂಗ್‌ಗೆ ಘನ ಮಿ.ಮೀ.ಗೆ ಸುಮಾರು 67 ಜೂಲ್ ಬರುತ್ತದೆ. ರಂಧ್ರ ಬಂದರೆ ಈ ಸಂಖ್ಯೆ ಏರಿಸು ಎನ್ನುವುದು ಶಾಪ್‌ಗಳಲ್ಲಿ ಹಬ್ಬಿರುವ ಸಲಹೆ. ಪವರ್ ಅರ್ಧ ಮಾಡಿ ವೇಗವನ್ನೂ ಅರ್ಧ ಮಾಡಿದರೆ ಇದೇ 67 ಬರುತ್ತದೆ, ಆದರೆ ಕರಗುವ ರೀತಿಯೇ ಬೇರೆಯಾಗಿರುತ್ತದೆ. ಚುಕ್ಕೆಯ ಗಾತ್ರ, ಫೋಕಸ್, ಗ್ಯಾಸ್ ಯಾವುದೂ ಈ ಲೆಕ್ಕದಲ್ಲಿಲ್ಲ. ಒಂದೇ ಮೆಷಿನ್‌ನಲ್ಲಿ ಸಣ್ಣಪುಟ್ಟ ಬದಲಾವಣೆ ಹೋಲಿಸಲು ಸರಿ. ಅದನ್ನೇ ನಿಯಮ ಅಂದುಕೊಂಡರೆ ನಿಮಗೆ ಆದ ಹಾಗೇ ಆಗುತ್ತದೆ.

ಈಗ ನಿಮ್ಮ ರಂಧ್ರಗಳಿಗೆ ಬರೋಣ. ಅವುಗಳ ಆಕಾರ ಬರೆದು ಕಳಿಸಿದ್ದು ಒಳ್ಳೆಯದಾಯಿತು, ಅದರಲ್ಲೇ ಅರ್ಧ ಉತ್ತರ ಇದೆ. ಚಪ್ಪಟೆಯಾಗಿ, ಪದರದ ಉದ್ದಕ್ಕೆ ಮಲಗಿದಂತೆ, ಅಂಚು ಹರಿದ ಹಾಗಿರುವ ರಂಧ್ರ ಲೋಹ ಪೂರ್ತಿ ಕರಗದೆ ಉಳಿದ ಜಾಗ. ಭಾಗ ಕತ್ತರಿಸಿ, ಪಾಲಿಶ್ ಮಾಡಿ ಮೈಕ್ರೋಸ್ಕೋಪ್ ಕೆಳಗಿಟ್ಟರೆ ಅದರೊಳಗೆ ಕರಗದ ಪೌಡರ್ ಕಾಳುಗಳು ಹಾಗೇ ಗುಂಡಗೆ ಕೂತಿರುವುದು ಕಾಣುತ್ತದೆ. ನೋಡಿದವರಿಗೆ ಮತ್ತೆ ಅನುಮಾನ ಉಳಿಯುವುದಿಲ್ಲ. ದುಂಡನೆಯ ರಂಧ್ರ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಶಾಖ ಜಾಸ್ತಿಯಾಗಿ ಲೋಹ ಕುದಿದು, ಲೇಸರ್ ಕೆಳಗೆ ಆಳವಾದ ಆವಿಯ ಕುಳಿ ಬಿದ್ದಿರುತ್ತದೆ. ಇದನ್ನೇ ಕೀಹೋಲ್ ಎನ್ನುವುದು. ಆ ಕುಳಿ ಅಲುಗಾಡಿ ಅದರ ತಳ ಮುಚ್ಚಿಕೊಂಡಾಗ ಗುಳ್ಳೆ ಒಳಗೆ ಸಿಕ್ಕಿಕೊಳ್ಳುತ್ತದೆ. 2019ರಲ್ಲಿ ಅಮೆರಿಕದ ಆರ್ಗಾನ್ (Argonne) ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಅತಿ ವೇಗದ ಎಕ್ಸ್-ರೇ ಬಳಸಿ ಇಂಥ ಕುಳಿ ಹುಟ್ಟುವುದನ್ನು ನೇರವಾಗಿ ನೋಡಿದರು. ಈ ಮೆಷಿನ್‌ಗಳು ಮಾಮೂಲಿಯಾಗಿ ಬಳಸುವ ಪವರ್ ಮತ್ತು ವೇಗದಲ್ಲೂ ಆವಿಯ ಕುಳಿ ಇದ್ದೇ ಇರುತ್ತದೆ ಎಂಬುದು ಆಗ ಕಣ್ಣಿಗೆ ಕಂಡಿತು. ಕುಳಿ ಇದ್ದರೆ ತಪ್ಪಲ್ಲ, ಅದು ಹದ ತಪ್ಪಿ ಆಳವಾದರೆ ತೊಂದರೆ.

ಹಾಗಾಗಿ ನಿಮ್ಮ ಪ್ಲೇಟಿನ ಮೇಲೆ ಎರಡು ಬೇರೆ ಬೇರೆ ದೋಷಗಳಿವೆ, ಎರಡನೆಯದನ್ನು ಪವರ್ ಏರಿಸಿ ನೀವೇ ತಂದುಕೊಂಡಿದ್ದೀರಿ. ಮೊದಲನೆಯದು ಒಂದೇ ಸಾಲಿನಲ್ಲಿ, ಅದೂ ಗ್ಯಾಸ್ ಹೊರಹೋಗುವ ಕಡೆ ಇದೆ ಎನ್ನುವುದು ಮುಖ್ಯ. ಲೇಸರ್ ತಾಗಿದ ಕಡೆ ಲೋಹದ ಆವಿ ಜೋರಾಗಿ ಮೇಲೆ ಚಿಮ್ಮುತ್ತದೆ. ಆ ಸೆಳೆತಕ್ಕೆ ಸುತ್ತಲಿನ ಆರ್ಗಾನ್ ಒಳಗೆ ನುಗ್ಗುತ್ತದೆ, ಪೌಡರ್ ಕಾಳುಗಳನ್ನೂ ಎಳೆದು ಮೇಲೆ ಎಸೆಯುತ್ತದೆ. ಹಾರುವ ಕಿಡಿಗಳಲ್ಲಿ ಬಹುಪಾಲು ಹೀಗೆ ಸೆಳೆತಕ್ಕೆ ಸಿಕ್ಕ ಪೌಡರ್, ಕರಗಿದ ಲೋಹದಿಂದ ಸಿಡಿದ ಹನಿಗಳು ಕಡಿಮೆ ಎಂದು ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು 2017ರಲ್ಲಿ ಹೈ ಸ್ಪೀಡ್ ಕ್ಯಾಮೆರಾದಲ್ಲಿ ತೋರಿಸಿದರು. ಈ ಕಾಳುಗಳು ಒಂದಕ್ಕೊಂದು ಅಂಟಿ ದಪ್ಪಗಾಗುತ್ತವೆ, ಎಷ್ಟೋ ಸಲ ಪದರಕ್ಕಿಂತ ದೊಡ್ಡದಾಗಿರುತ್ತವೆ. ಗ್ಯಾಸ್ ಅವುಗಳನ್ನು ಹೊರಕ್ಕೆ ಒಯ್ಯಬೇಕು. ಹರಿವು ಸೊರಗಿದರೆ ದಾರಿಯಲ್ಲೇ ಬೀಳುತ್ತವೆ, ಬೀಳುವ ಜಾಗ ನಿಮ್ಮ ಕೊನೆಯ ಸಾಲು. ಅಲ್ಲಿಗೆ ಬಂದ ಲೇಸರ್‌ಗೆ 40 ಮೈಕ್ರಾನ್ ಪೌಡರ್ ಬದಲು ದಪ್ಪನೆಯ ಉಂಡೆ ಎದುರಾಗುತ್ತದೆ, ಅದರ ಕೆಳಗಿನದು ಕರಗದೆ ಉಳಿಯುತ್ತದೆ. ಜೊತೆಗೆ ಆವಿಯ ಹೊಗೆ ಲೇಸರ್ ದಾರಿಗೆ ಅಡ್ಡ ನಿಂತು ಸ್ವಲ್ಪ ಬೆಳಕನ್ನು ಚದುರಿಸುತ್ತದೆ. ಪವರ್ ಏರಿಸಿದರೆ ಆವಿ ಜಾಸ್ತಿ, ಕಿಡಿ ಜಾಸ್ತಿ, ಹೊಗೆ ಜಾಸ್ತಿ. ಕೊನೆಯ ಸಾಲು ಇನ್ನೂ ಕೆಟ್ಟದ್ದು ಅದಕ್ಕೇ.

ಮೊದಮೊದಲು ಚೆನ್ನಾಗಿದ್ದದ್ದು ಆಮೇಲೆ ಕೆಟ್ಟಿದೆ ಅಂದರೆ ನಿಧಾನವಾಗಿ ಏನೋ ಬದಲಾಗಿದೆ. ಪವರನ್ನು ಮೊದಲಿನ ಮಟ್ಟಕ್ಕೇ ಇಳಿಸಿಕೊಂಡು ಹುಡುಕಲು ಶುರುಮಾಡಿ.

ಮೊದಲು ಫಿಲ್ಟರ್. ಕಟ್ಟುತ್ತಾ ಬಂದ ಹಾಗೆ ಹರಿವು ಕುಗ್ಗುತ್ತದೆ. ಕೆಲವು ಮೆಷಿನ್‌ಗಳು ಬ್ಲೋವರ್ ವೇಗ ಏರಿಸಿ ಅದನ್ನು ಸರಿದೂಗಿಸುತ್ತವೆ, ಆಗ ಸ್ಕ್ರೀನ್ ಮೇಲಿನ ಸಂಖ್ಯೆ ಸರಿಯಾಗಿಯೇ ಕಾಣುತ್ತದೆ. ಗ್ಯಾಸ್ ಬರುವ ನಾಜಲ್‌ನಲ್ಲಿ ಪೌಡರ್ ಕಟ್ಟಿಕೊಂಡಿದ್ದರೂ ಅಷ್ಟೆ: ಒಟ್ಟು ಹರಿವು ಸರಿ, ಪ್ಲೇಟಿನ ಒಂದು ಪಟ್ಟಿಯಲ್ಲಿ ಮಾತ್ರ ಗಾಳಿ ಸತ್ತಿರುತ್ತದೆ. ಫಿಲ್ಟರ್ ಬದಲಿಸುವಾಗ ಎಚ್ಚರ. ಅದರಲ್ಲಿ ಕೂತ ನುಣ್ಣನೆಯ ಮಸಿ ಗಾಳಿ ತಾಗಿದ ತಕ್ಷಣ ಹೊತ್ತಿಕೊಳ್ಳಬಹುದು. ಮ್ಯಾನುಯಲ್‌ನಲ್ಲಿ ಹೇಳಿದ ಕ್ರಮ ಬಿಟ್ಟು ಕೈ ಹಾಕಲೇಬೇಡಿ.

ಆಮೇಲೆ ಲೇಸರ್ ಹಾದುಬರುವ ರಕ್ಷಣಾ ಗಾಜು. ಬಿಲ್ಡ್ (ಒಂದು ಪ್ಲೇಟಿನ ಮುದ್ರಣ) ಮುಗಿದು, ಲೇಸರ್ ಆಫ್ ಆಗಿ, ಚೇಂಬರ್ ತಣ್ಣಗಾದ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ನೇರವಾಗಿ ನೋಡಿದರೆ ಶುಭ್ರವಾಗಿ ಕಾಣುವ ಗಾಜಿನ ಮೇಲೆ ಓರೆ ಬೆಳಕಿನಲ್ಲಿ ತೆಳ್ಳಗೆ ಕಂದು ಪೊರೆ ಕಾಣಬಹುದು, ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ. ಆ ಪೊರೆ ಲೇಸರ್‌ನ ಒಂದು ಪಾಲು ನುಂಗಿ ಗಾಜನ್ನು ಬಿಸಿ ಮಾಡುತ್ತದೆ. ಬಿಸಿಯಾದ ಗಾಜು ಫೋಕಸ್ ಜಾಗವನ್ನೇ ಸರಿಸುತ್ತದೆ. ಹಾಗಾಗಿ ಬೆಳಿಗ್ಗೆ ತಣ್ಣಗಿರುವಾಗ ಅಳೆದ ಪವರ್ ಸರಿ ಇದ್ದು, ನಾಲ್ಕು ಗಂಟೆ ಓಡಿದ ಮೇಲೆ ಕೆಡುವುದು ಸಾಧ್ಯ. ಸರ್ವಿಸ್ ಎಂಜಿನಿಯರ್ ಬಂದಾಗ ಪ್ಲೇಟ್ ಮಟ್ಟದಲ್ಲಿ ಪವರ್ ಮತ್ತು ಫೋಕಸ್ ಎರಡನ್ನೂ, ತಣ್ಣಗಿರುವಾಗ ಒಂದು ಸಲ, ಬಿಸಿಯಾದ ಮೇಲೆ ಒಂದು ಸಲ ಅಳೆಯಲು ಹೇಳಿ. ಪ್ಲೇಟಿನ ನಡುವೆ ಮಾತ್ರ ಅಳೆದು ಹೋಗಲು ಬಿಡಬೇಡಿ.

ಪೌಡರನ್ನೂ, ಅದನ್ನು ಹರಡುವ ರೀಕೋಟರ್ ಬ್ಲೇಡನ್ನೂ ನೋಡಿ, ಆದರೆ ನಿಮ್ಮ ಲಕ್ಷಣಕ್ಕೆ ಅವು ಅಷ್ಟಾಗಿ ಹೊಂದುವುದಿಲ್ಲ. ಬ್ಲೇಡ್ ಕಚ್ಚು ಬಿದ್ದಿದ್ದರೆ ರಂಧ್ರಗಳು ಬ್ಲೇಡ್ ಓಡುವ ದಿಕ್ಕಿಗೆ ಒಂದೇ ಗೆರೆಯಲ್ಲಿ ಬರುತ್ತಿದ್ದವು.

ಇಷ್ಟಾದ ಮೇಲೆ ಒಂದು ಪರೀಕ್ಷಾ ಬಿಲ್ಡ್ ಮಾಡಿ. ಪ್ಲೇಟಿನ ಒಂಬತ್ತು ಜಾಗದಲ್ಲಿ 10 ಮಿ.ಮೀ. ಘನಗಳು, ಎಲ್ಲಕ್ಕೂ ಒಂದೇ ಪ್ಯಾರಾಮೀಟರ್. ಕತ್ತರಿಸಿ, ಪಾಲಿಶ್ ಮಾಡಿ ನೋಡಿ. ದೊಡ್ಡ ಖರ್ಚಿಲ್ಲ. ಜೊತೆಗೆ ಸ್ಕ್ಯಾನ್ ಕ್ರಮವನ್ನೂ ಗಮನಿಸಿ. ಗ್ಯಾಸ್ ಹೊರಹೋಗುವ ಕಡೆಯ ಭಾಗಗಳನ್ನು ಮೊದಲು ಕರಗಿಸಿ, ಗ್ಯಾಸ್ ಬರುವ ಕಡೆಗೆ ಸಾಗಬೇಕು. ಆಗ ಕಿಡಿಗಳು ಆ ಪದರದಲ್ಲಿ ಆಗಲೇ ಕರಗಿ ಮುಗಿದ ಜಾಗದ ಮೇಲೆ ಬೀಳುತ್ತವೆ, ಕಾದಿರುವ ಪೌಡರ್ ಮೇಲೆ ಬೀಳುವುದಿಲ್ಲ. ಭಾಗಗಳನ್ನು ಗ್ಯಾಸ್ ದಿಕ್ಕಿನಲ್ಲಿ ಒಂದರ ಹಿಂದೆ ಒಂದು ನೇರವಾಗಿ ಜೋಡಿಸಬೇಡಿ, ಸ್ವಲ್ಪ ಸರಿಸಿ. 12ರ ಜಾಗದಲ್ಲಿ 9 ಕಟ್ಟಬೇಕಾಗಬಹುದು. ಮೂರು ಭಾಗ ಕಡಿಮೆಯಾಗುವುದು, ಮೂರು ಭಾಗ ರಿಜೆಕ್ಟ್ ಆಗುವುದಕ್ಕಿಂತ ವಾಸಿ ಅಲ್ವಾ?

ಇನ್ನು ಮಾನಿಟರಿಂಗ್. ಇದರಲ್ಲಿ ಮುಖ್ಯವಾಗಿ ಮೂರು ಬಗೆ. ಪ್ರತಿ ಪದರ ಹರಡಿದ ಮೇಲೆ ಫೋಟೋ ತೆಗೆಯುವ ಸಾದಾ ಕ್ಯಾಮೆರಾ ಒಂದು. ಪದರ ಪೂರ್ತಿ ಕರಗುವವರೆಗೆ ಶಟರ್ ತೆರೆದಿಟ್ಟು, ಬಿದ್ದ ಬೆಳಕನ್ನೆಲ್ಲ ಒಂದೇ ಚಿತ್ರದಲ್ಲಿ ಕೂಡಿಸುವ ಆಪ್ಟಿಕಲ್ ಟೊಮೊಗ್ರಫಿ ಇನ್ನೊಂದು. ಮ್ಯೂನಿಕ್‌ನ ಎಂಟಿಯು ವಿಮಾನ ಎಂಜಿನ್ ಕಂಪನಿ ಇದನ್ನು ಬೆಳೆಸಿ ಬಳಸಿದವರಲ್ಲಿ ಮೊದಲಿಗರು. ಎ320ನಿಯೊ ವಿಮಾನದ ಎಂಜಿನ್ನಿಗೆ ಅವರು ಮಾಡುವ ಬೋರ್‌ಸ್ಕೋಪ್ ಬಾಸ್‌ಗಳೂ (ಎಂಜಿನ್ ಒಳಗೆ ಇಣುಕುವ ಕ್ಯಾಮೆರಾ ತೂರಿಸುವ ಭಾಗ) ನಿಕಲ್ ಮಿಶ್ರಲೋಹದವೇ. ಮೂರನೆಯದು ಲೇಸರ್ ದಾರಿಯಲ್ಲೇ ಹಿಂದಕ್ಕೆ ನೋಡುವ ಫೋಟೋಡಯೋಡ್ ಅಥವಾ ಕ್ಯಾಮೆರಾ, ಇದು ಸೆಕೆಂಡಿಗೆ ಸಾವಿರಗಟ್ಟಲೆ ಸಲ ಮೆಲ್ಟ್ ಪೂಲ್‌ನ ಬೆಳಕನ್ನು ಅಳೆಯುತ್ತದೆ. ನಿಮಗೆ ತೋರಿಸಿರುವುದು ಬಹುಶಃ ಇದೇ.

ಇದು ಅಳೆಯುವುದು ಬೆಳಕನ್ನು, ರಂಧ್ರವನ್ನಲ್ಲ. ನೇರವಾಗಿ ತಾಪಮಾನವನ್ನೂ ಅಲ್ಲ. ಹೊಗೆ ಅಡ್ಡ ಬಂದರೆ ಬೆಳಕು ಬದಲಾಗುತ್ತದೆ, ಲೇಸರ್ ಪ್ಲೇಟಿನ ಮೂಲೆಗೆ ಓರೆಯಾಗಿ ಹೋದಾಗಲೂ ಬದಲಾಗುತ್ತದೆ. ಸರಿಯಾಗಿ ಕ್ಯಾಲಿಬ್ರೇಟ್ ಮಾಡದಿದ್ದರೆ ಮೂಲೆಯಲ್ಲಿರುವ ಒಳ್ಳೆಯ ಭಾಗಕ್ಕೂ ಅಲಾರಂ ಹೊಡೆಯುತ್ತದೆ. ಮತ್ತೊಂದು ವಿಷಯವನ್ನು ಮಾರುವವರು ಹೇಳುವುದು ಕಡಿಮೆ: ಲೇಸರ್ ಒಂದು ಪದರವನ್ನು ಕರಗಿಸುವಾಗ ಕೆಳಗಿನ ಒಂದೆರಡು ಪದರವನ್ನೂ ಮತ್ತೆ ಕರಗಿಸುತ್ತದೆ. 700ನೇ ಪದರದಲ್ಲಿ ಕಂಡ ದೋಷ 702ನೇ ಪದರದ ಹೊತ್ತಿಗೆ ವಾಸಿಯಾಗಿರಬಹುದು. ಅಲಾರಂ ಬಂದ ಕಡೆಯೆಲ್ಲ ರಂಧ್ರ ಇರುವುದಿಲ್ಲ, ರಂಧ್ರ ಇರುವ ಕಡೆಯೆಲ್ಲ ಅಲಾರಂ ಬರುವುದಿಲ್ಲ.

ಕ್ಲೋಸ್ಡ್ ಲೂಪ್, ಅಂದರೆ ಸೆನ್ಸರ್ ನೋಡಿ ಮೆಷಿನ್ ತಾನೇ ಪವರ್ ಬದಲಿಸುವುದು, ಸುಳ್ಳಲ್ಲ. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದವರು 2007ರ ಹೊತ್ತಿಗೇ ಫೋಟೋಡಯೋಡ್ ಸಂಕೇತ ನೋಡಿ ಪವರ್ ಇಳಿಸಿ, ಕೆಳಗೆ ಆಸರೆ ಇಲ್ಲದ ಚಾಚುಗಳ ಮೇಲ್ಮೈ ಸುಧಾರಿಸಿ ತೋರಿಸಿದ್ದರು. ಪೌಡರನ್ನು ನಾಜಲ್‌ನಿಂದ ಊದಿ ಕರಗಿಸುವ ಡಿಇಡಿ ಮೆಷಿನ್‌ಗಳಲ್ಲಂತೂ ಇದು ಚೆನ್ನಾಗಿ ನಡೆಯುತ್ತದೆ. ಅಲ್ಲಿ ಮೆಲ್ಟ್ ಪೂಲ್ ಒಂದೆರಡು ಮಿ.ಮೀ. ಅಗಲ, ವೇಗ ಸೆಕೆಂಡಿಗೆ ಹತ್ತಿಪ್ಪತ್ತು ಮಿ.ಮೀ., ನೋಡಿ ಸರಿಮಾಡಲು ಪುರುಸೊತ್ತು ಸಿಗುತ್ತದೆ. ನಿಮಗೆ ತೋರಿಸಿದ ವಿಡಿಯೋ ಅಂಥ ಮೆಷಿನ್‌ದಾ ಅಂತ ಕೇಳಿ ನೋಡಿ. ನಿಮ್ಮ ಪೌಡರ್ ಬೆಡ್‌ನಲ್ಲಿ ಒಂದು ಮಿಲಿಸೆಕೆಂಡ್ ತಡವಾದರೆ ಲೇಸರ್ ಸುಮಾರು 1 ಮಿ.ಮೀ. ಮುಂದೆ ಹೋಗಿಬಿಟ್ಟಿರುತ್ತದೆ, ಅಂದರೆ ಹತ್ತು ಚುಕ್ಕೆಯಷ್ಟು ದೂರ. ತಿದ್ದುಪಡಿ ತಪ್ಪಾದ ಜಾಗಕ್ಕೆ ಬೀಳುತ್ತದೆ. ಇನ್ನೂ ಕೆಟ್ಟದ್ದೆಂದರೆ, ನಿಮ್ಮ ಕೊನೆಯ ಸಾಲಿನಲ್ಲಿ ಹೊಗೆಯಿಂದ ಬೆಳಕು ಕಮ್ಮಿಯಾದದ್ದನ್ನು ಲೂಪ್ "ಶಾಖ ಸಾಲದು" ಅಂದುಕೊಂಡು ಪವರ್ ಏರಿಸಬಹುದು. ನೀವು ಕೈಯಲ್ಲಿ ಮಾಡಿದ್ದನ್ನೇ ಅದು ತಾನಾಗಿ ಮಾಡುತ್ತದೆ.

2023ರಲ್ಲಿ ಎಕ್ಸ್-ರೇ ಮತ್ತು ಶಾಖದ ಕ್ಯಾಮೆರಾವನ್ನು ಜೊತೆಗಿಟ್ಟು, ಮೆಷಿನ್ ಲರ್ನಿಂಗ್ ಬಳಸಿ, ಕೀಹೋಲ್ ರಂಧ್ರ ಹುಟ್ಟುವ ಕ್ಷಣವನ್ನು ಮಿಲಿಸೆಕೆಂಡಿಗಿಂತ ಕಡಿಮೆ ಸಮಯದಲ್ಲೇ ಗುರುತಿಸಿದ ಸಂಶೋಧನೆ ಬಂತು. ಅದನ್ನು ಓದಿ ನನಗೆ ತುಂಬ ಖುಷಿಯಾಯಿತು. ಆದರೆ ಅದು ಸಿಂಕ್ರೋಟ್ರಾನ್ ಎಂಬ ದೈತ್ಯ ಎಕ್ಸ್-ರೇ ಯಂತ್ರದ ಕೇಂದ್ರದಲ್ಲಿ ಟೈಟಾನಿಯಂ ಮಿಶ್ರಲೋಹದ ಮೇಲೆ ನಡೆದ ಕೆಲಸ. ನಿಮ್ಮ ಶಾಪಿನ ಮಾತೇ ಬೇರೆ.

ಇವತ್ತಿಗೆ ಹೆಚ್ಚು ಫಲ ಕೊಡುವುದು ಮುಂಚೆಯೇ ಲೆಕ್ಕ ಹಾಕಿ ಪವರ್ ಬದಲಿಸುವ ಪದ್ಧತಿ ಎಂದು ನನ್ನ ಅಭಿಪ್ರಾಯ. ಕಾವಲಿ ಕಾದ ಮೇಲೂ ಉರಿ ಇಳಿಸದೆ ದೋಸೆ ಹುಯ್ದರೆ ಸೀದುಹೋಗುತ್ತದೆ; ಸೀದ ವಾಸನೆ ಬರುವವರೆಗೆ ಯಾರೂ ಕಾಯುವುದಿಲ್ಲ, ಮೊದಲೇ ಉರಿ ತಗ್ಗಿಸುತ್ತಾರೆ. ಇಲ್ಲೂ ಎಲ್ಲಿ ಶಾಖ ನಿಲ್ಲುತ್ತದೆ ಎನ್ನುವುದು ಆಕಾರ ನೋಡಿದರೆ ಮೊದಲೇ ಗೊತ್ತು: ತೆಳು ಗೋಡೆ, ಚೂಪು ಮೂಲೆ, ಆಸರೆ ಇಲ್ಲದ ಚಾಚು. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್‌ನವರು ಒಂದು ಬಿಂದುವಿನ ಸುತ್ತ ಎಷ್ಟು ಗಟ್ಟಿ ಲೋಹ ಇದೆ ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಪವರ್ ಬದಲಿಸುವ ವಿಧಾನ ಮಾಡಿದ್ದಾರೆ. ಲಿವರ್‌ಮೋರ್‌ನವರು 2019ರಲ್ಲಿ ಲೇಸರ್ ತಿರುಗುವ ಜಾಗದಲ್ಲಿ ವೇಗ ಕುಗ್ಗಿ ರಂಧ್ರ ಬರುವುದನ್ನೂ, ಅಲ್ಲಿ ಪವರ್ ಇಳಿಸಿದರೆ ತಪ್ಪುವುದನ್ನೂ ತೋರಿಸಿದರು. ನಿಮ್ಮ ಸಾಫ್ಟ್‌ವೇರ್‌ನಲ್ಲಿರುವ ಡೌನ್‌ಸ್ಕಿನ್ (ಕೆಳಮುಖವಾದ ಮೇಲ್ಮೈಗೆಂದೇ ಇರುವ) ಸೆಟ್ಟಿಂಗ್ ಇದರ ಸರಳ ರೂಪವೇ. ಬ್ರಾಕೆಟ್ ಮೇಲಕ್ಕೆ ಹೋಗುತ್ತಾ ಸಣ್ಣದಾಗುವುದಾದರೆ ಪದರದ ಸಮಯವನ್ನೂ ಗಮನಿಸಿ: ಪದರ ಬೇಗ ಮುಗಿದಷ್ಟೂ ತಣಿಯಲು ಸಮಯ ಕಮ್ಮಿ, ಶಾಖ ಕೂಡುತ್ತಾ ಹೋಗುತ್ತದೆ. ಪದರಕ್ಕೆ ಕನಿಷ್ಠ ಸಮಯ ಕಟ್ಟಿಡುವ ಸೌಲಭ್ಯ ಇದ್ದರೆ ಬಳಸಿ. ಬಿಲ್ಡ್‌ಗೆ ಸಮಯ ಜಾಸ್ತಿ ಹಿಡಿಯುತ್ತದೆ.

ಒಂದು ಪದರದ ಚಿತ್ರ ನೋಡಿ ಮುಂದಿನ ಪದರದ ಪವರ್ ತಿದ್ದುವುದು ನಡುವಿನ ದಾರಿ. ಅದಕ್ಕೆ ಸಮಯ ಧಾರಾಳವಾಗಿ ಸಿಗುತ್ತದೆ. ದುಡ್ಡು ಹಾಕುವುದಾದರೆ ನಾನು ಮೊದಲು ಪದರದ ಕ್ಯಾಮೆರಾ, ಆಮೇಲೆ ಆಪ್ಟಿಕಲ್ ಟೊಮೊಗ್ರಫಿ ಕಡೆ ನೋಡುತ್ತೇನೆ. ಕಿಡಿ ಬಿದ್ದ ಸಾಲು ಅದರಲ್ಲಿ ಸಾಮಾನ್ಯವಾಗಿ ಕಾಣಿಸುತ್ತದೆ. ಕೊಳ್ಳುವ ಮೊದಲು ಮಾರುವವರಿಗೆ ಒಂದು ಕೆಲಸ ಹೇಳಿ: ಬೇಕೆಂದೇ ದೋಷ ಇಟ್ಟ ಘನಗಳನ್ನು ಕಟ್ಟಿಸಿ, ಎಲ್ಲಿ ಇಟ್ಟಿದ್ದೀರಿ ಅಂತ ಹೇಳದೆ ಹುಡುಕಿಸಿ. ಹೀಗೆ ದೋಷ ಬಿತ್ತುವುದಕ್ಕೆ ಮಾನದಂಡ ಸಂಸ್ಥೆಗಳಾದ ಐಎಸ್ಒ ಮತ್ತು ಎಎಸ್‌ಟಿಎಂ ಜಂಟಿಯಾಗಿ 52906 ಎಂಬ ವರದಿಯನ್ನೇ ಹೊರತಂದಿವೆ. ಎಷ್ಟು ಸಿಕ್ಕಿತು, ಎಷ್ಟು ತಪ್ಪಿತು, ಎಷ್ಟು ಸುಳ್ಳು ಅಲಾರಂ ಬಂತು ಎನ್ನುವುದನ್ನು ಬರೆದು ಕೊಡಲಿ. ಲೂಪ್ ಹಾಕಿಸಿದರೆ ಇನ್ನೊಂದು ತೊಡಕೂ ಇದೆ. ಗ್ರಾಹಕರು ಪ್ಯಾರಾಮೀಟರ್ ಲಾಕ್ ಮಾಡಿ ಒಪ್ಪಿಗೆ ಕೊಟ್ಟಿದ್ದರೆ, ಮೆಷಿನ್ ತಾನೇ ಪವರ್ ಬದಲಿಸಲು ಶುರುಮಾಡಿದ ದಿನ ಆ ಒಪ್ಪಿಗೆ ಮತ್ತೆ ಮೊದಲಿನಿಂದ ಪಡೆಯಬೇಕಾಗಬಹುದು.

ಸಿಟಿ ಸ್ಕ್ಯಾನ್ ಬೇಕಿಲ್ಲ ಎನ್ನುವುದನ್ನು ಮಾತ್ರ ನಂಬಬೇಡಿ. 2021ರಲ್ಲಿ ಬಂದ ನಾಸಾದ 6030 ಸ್ಟ್ಯಾಂಡರ್ಡ್ ಕೂಡ ಮಾನಿಟರಿಂಗ್ ಡೇಟಾವನ್ನು ಭಾಗದ ಗುಣಮಟ್ಟಕ್ಕೆ ಆಧಾರ ಮಾಡಿಕೊಳ್ಳುವ ಮೊದಲು ಆ ವಿಧಾನವನ್ನೇ ಪರೀಕ್ಷಿಸಿ ಕ್ವಾಲಿಫೈ ಮಾಡಿರಬೇಕು ಎನ್ನುತ್ತದೆ. ಗ್ರಾಹಕರ ಭಯಕ್ಕೂ ಅರ್ಥವಿದೆ. ಇಸ್ರೋ 2024ರ ಮೇ 9ರಂದು ಮಹೇಂದ್ರಗಿರಿಯಲ್ಲಿ 665 ಸೆಕೆಂಡ್ ಉರಿಸಿ ಪರೀಕ್ಷಿಸಿದ, ಪಿಎಸ್‌ಎಲ್‌ವಿ ರಾಕೆಟ್‌ನ ನಾಲ್ಕನೇ ಹಂತದ ಪಿಎಸ್‌4 ಎಂಜಿನ್ ನೆನಪಿಸಿಕೊಳ್ಳಿ. ನಮ್ಮ ಬೆಂಗಳೂರಿನ ವಿಪ್ರೋ 3ಡಿ ಮುದ್ರಿಸಿದ್ದು, ಇದೇ ಪೌಡರ್ ಬೆಡ್ ವಿಧಾನದಲ್ಲಿ. 14 ಭಾಗ ಒಂದಾಯಿತು, 19 ವೆಲ್ಡ್ ಹೋದವು. ಒಳ್ಳೆಯದೇ. ಆದರೆ ವೆಲ್ಡ್‌ ಆದರೆ ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತದೆ, ಮುದ್ರಿಸಿದ ಭಾಗದಲ್ಲಿ ದೋಷ ಎಲ್ಲಿ ಬೇಕಾದರೂ ಇರಬಹುದು. ಹಾಗಾಗಿ ಗ್ರಾಹಕರ ಮುಂದೆ ಇಡಲು ನಿಮಗೆ ಬೇಕಾದದ್ದು ಪ್ರತಿ ಬಿಲ್ಡ್‌ನ ಕಡತ: ಪೌಡರ್ ಬ್ಯಾಚ್ ಮತ್ತು ಎಷ್ಟನೇ ಬಳಕೆ, ಫಿಲ್ಟರ್ ಎಷ್ಟು ಗಂಟೆ ಓಡಿದೆ, ಗಾಜು ಒರೆಸಿದ ದಿನ, ಆಮ್ಲಜನಕದ ದಾಖಲೆ, ಅದೇ ಪ್ಲೇಟಿನಲ್ಲಿ ಕೆಟ್ಟ ಮೂಲೆಯಲ್ಲೇ ಕಟ್ಟಿದ ಟೆಸ್ಟ್ ಕೂಪನ್ (ಪರೀಕ್ಷೆಗೆಂದೇ ಕಟ್ಟುವ ತುಂಡು). ಕೂಪನ್ನನ್ನು ಯಾವಾಗಲೂ ಕೆಟ್ಟ ಜಾಗದಲ್ಲೇ ಇಡಿ. ಹೀಗೆ ಕೆಲವು ಬಿಲ್ಡ್‌ಗಳ ಇತಿಹಾಸ ಕೂಡಿದ ಮೇಲೆ, ಎಲ್ಲ ಭಾಗದ ಬದಲು ಸ್ಯಾಂಪಲ್ ಸ್ಕ್ಯಾನ್ ಸಾಕಾ ಅಂತ ಮಾತಾಡಬಹುದು.

ಮಾಡಿಟ್ಟ ಭಾಗಗಳ ವಿಷಯ. ಹಿಪ್ ಮಾಡಿಸಿದರೆ, ಅಂದರೆ 1100 ಡಿಗ್ರಿಗೂ ಮೇಲೆ, ವಾತಾವರಣದ ಸಾವಿರ ಪಟ್ಟು ಒತ್ತಡದಲ್ಲಿ ಆರ್ಗಾನ್ ಒಳಗೆ ಇಟ್ಟರೆ, ಒಳಗಿನ ಮುಚ್ಚಿದ ರಂಧ್ರಗಳು ಬಹುತೇಕ ಕೂಡಿಕೊಳ್ಳುತ್ತವೆ. ಮೇಲ್ಮೈಗೆ ತೆರೆದುಕೊಂಡವು ಮುಚ್ಚುವುದಿಲ್ಲ. ರಂಧ್ರದ ಒಳಗೆ ಆರ್ಗಾನ್ ಸಿಕ್ಕಿದ್ದರೆ ಅದು ಲೋಹದಲ್ಲಿ ಕರಗುವುದಿಲ್ಲ, ಆಮೇಲೆ ಮತ್ತೆ ಬಿಸಿ ಮಾಡಿದಾಗ ರಂಧ್ರ ತುಸು ತೆರೆಯಬಹುದು. ಚಪ್ಪಟೆ ರಂಧ್ರಗಳ ಒಳಗೋಡೆಗೆ ಆಕ್ಸೈಡ್ ಹಿಡಿದಿದ್ದರೆ ಸ್ಕ್ಯಾನ್‌ನಲ್ಲಿ ಮುಚ್ಚಿದಂತೆ ಕಂಡರೂ ಬೆಸುಗೆ ಸರಿಯಾಗಿ ಕೂಡಿರುವುದಿಲ್ಲ. ಬ್ರಾಕೆಟ್ ಮೇಲೆ ಏರಿಳಿತದ ಭಾರ ಬೀಳುವುದಾದರೆ, ರಂಧ್ರ ಮೇಲ್ಮೈಗೆ ಹತ್ತಿರ ಇದ್ದರೆ, ಬಿರುಕು ಶುರುವಾಗುವುದು ಅಲ್ಲಿಂದಲೇ. ಆದ್ದರಿಂದ ಕೊನೆಯ ಸಾಲಿನ ಭಾಗಗಳನ್ನು ಬೇರೆ ಎತ್ತಿಡಿ, ಒಂದನ್ನು ಕತ್ತರಿಸಿ ನೋಡಿ, ಫೋಟೋ ಸಮೇತ ಗ್ರಾಹಕರ ಡಿಸೈನ್ ಎಂಜಿನಿಯರ್‌ಗೆ ಕಳಿಸಿ. ಹಿಪ್ ಸಾಕಾ, ರಿಜೆಕ್ಟ್ ಮಾಡಬೇಕಾ ಎನ್ನುವುದು ಭಾರದ ಲೆಕ್ಕ ಗೊತ್ತಿರುವ ಅವರ ತೀರ್ಮಾನ. ಅದೇ ಸಾಲಿನಿಂದ ಈ ಹಿಂದೆ ರವಾನೆಯಾದ ಭಾಗಗಳ ಸೀರಿಯಲ್ ನಂಬರುಗಳನ್ನೂ ಅದೇ ಪತ್ರದಲ್ಲಿ ಬರೆಯಿರಿ.